ಮನೆ ವೈರಿನಲ್ಲಿ ಗದ್ದಲ: ಫಿಲ್ಟರೇ, ಕಪ್ಲರೇ, ಬೂಸ್ಟರೇ, ಇಲ್ಲ ರೇಡಿಯೋ ದಾರಿಯೇ?

ಅಮೆರಿಕದಲ್ಲಿ ಸ್ವಲ್ಪ ಹಳೇ ಮನೆ ಕೊಂಡ ನಮ್ಮವರಿಗೆ ಕೆಲವೊಮ್ಮೆ ಮನೆಯ ಜೊತೆಗೇ ಒಂದು ಬಳುವಳಿ ಬಂದಿರುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಒಂದು ಡಬ್ಬಿ. ಅದರ ಮುಖದ ಮೇಲೆ ಎರಡು ಪುಟ್ಟ ತಿರುಗಣೆ. ಒಂದರಲ್ಲಿ ಎ ಯಿಂದ ಪಿ ವರೆಗೆ ಅಕ್ಷರ, ಇನ್ನೊಂದರಲ್ಲಿ 1ರಿಂದ 16ರವರೆಗೆ ಅಂಕಿ. ಅದು ಎಕ್ಸ್-10 ಅನ್ನುವ ಏರ್ಪಾಡಿನ ಮಾಡ್ಯೂಲ್. ಕಂಟ್ರೋಲರ್ ಅನ್ನುವ ಇನ್ನೊಂದು ಡಬ್ಬಿಯ ಬಟನ್ ಒತ್ತಿದರೆ ಮನೆಯ ವೈರಿನಲ್ಲೇ ಸಂದೇಶ ಬಂದು, ಇದಕ್ಕೆ ಸಿಕ್ಕಿಸಿದ ದೀಪ ಹತ್ತುತ್ತದೆ, ಆರುತ್ತದೆ. ಹಿಂದಿನ ಮಾಲೀಕರು ಮನೆಯ ತುಂಬ ಹಾಕಿಸಿ, ಹೋಗುವಾಗ ಹಾಗೇ ಬಿಟ್ಟು ಹೋಗಿರುತ್ತಾರೆ. ಇನ್ನು ಕೆಲವರು ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದು ತಾವೇ ಒಂದೊಂದಾಗಿ ಕೊಂಡು ಹಾಕಿಕೊಂಡವರು. ಅವರಿಗೆ ಬಿಡಲು ಮನಸ್ಸಿಲ್ಲ.

ಇಬ್ಬರ ದೂರೂ ಒಂದೇ. ಬಟನ್ ಒತ್ತಿದರೆ ಒಮ್ಮೆ ದೀಪ ಹತ್ತುತ್ತದೆ, ಒಮ್ಮೆ ಇಲ್ಲ. ಬೆಳಗ್ಗೆ ಸರಿಯಿದ್ದದ್ದು ಸಂಜೆ ಕೈಕೊಡುತ್ತದೆ. ಪರಿಹಾರ ಕೇಳಿದರೆ ಒಬ್ಬರು ಫಿಲ್ಟರ್ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಕಪ್ಲರ್ ಅನ್ನುತ್ತಾರೆ, ಮತ್ತೊಬ್ಬರು ಇದನ್ನೆಲ್ಲ ಕಿತ್ತು ಬಿಸಾಕಿ ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಮೂರು ಬೇರೆ ಬೇರೆ ತೊಂದರೆಗೆ ಮದ್ದು ಹೇಳುತ್ತಿದ್ದಾರೆ, ಅಷ್ಟೆ. ನಿಮ್ಮ ಮನೆಯಲ್ಲಿ ಇರುವುದು ಯಾವುದು ಅಂತ ತಿಳಿಯದೆ ದುಡ್ಡು ಬಿಚ್ಚಬೇಡಿ ಅನ್ನುವುದೇ ನನ್ನ ಮಾತು.

ಇದು ಕೆಲಸ ಮಾಡುವ ಬಗೆ

ಎಕ್ಸ್-10 ಹುಟ್ಟಿದ್ದು 1975ರಲ್ಲಿ, ಸ್ಕಾಟ್ಲೆಂಡಿನ ಗ್ಲೆನ್‌ರೋಥೆಸ್ ಊರಿನ ಪಿಕೊ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ. ಹೊಸ ವೈರ್ ಎಳೆಯುವುದು ಬೇಡ, ಇರುವ ಕರೆಂಟಿನ ವೈರಿನಲ್ಲೇ ಸಂದೇಶ ಕಳಿಸೋಣ ಅನ್ನುವುದು ಅವರ ಉಪಾಯ. ಅಮೆರಿಕದ ಕರೆಂಟು 60 ಹರ್ಟ್ಸ್. ಅಂದರೆ ಸೆಕೆಂಡಿಗೆ 120 ಸಲ ಅದರ ವೋಲ್ಟೇಜು ಸೊನ್ನೆ ದಾಟುತ್ತದೆ. ಆ ಸೊನ್ನೆಯ ಹೊತ್ತಿಗೆ ಸರಿಯಾಗಿ 120 ಕಿಲೋಹರ್ಟ್ಸಿನ ಒಂದು ಮಿಡಿತವನ್ನು ವೈರಿಗೆ ಬಿಡುತ್ತಾರೆ. ಉದ್ದ 1 ಮಿಲಿಸೆಕೆಂಡ್. ಒಂದು ಸೊನ್ನೆಯಲ್ಲಿ ಮಿಡಿತ ಬಂದು ಮುಂದಿನದರಲ್ಲಿ ಬರದಿದ್ದರೆ ಅದು 1. ಅದೇ ತಿರುವುಮುರುವಾದರೆ 0. ವಿಳಾಸವನ್ನು ಎರಡು ಸಲ, ಆಜ್ಞೆಯನ್ನು ಎರಡು ಸಲ ಹೇಳುತ್ತಾರೆ. ಎಲ್ಲ ಸೇರಿ ಕರೆಂಟಿನ 47 ಸುತ್ತು, ಹೆಚ್ಚುಕಮ್ಮಿ ಮುಕ್ಕಾಲು ಸೆಕೆಂಡು.

ಸೊನ್ನೆ ದಾಟುವ ಹೊತ್ತನ್ನೇ ಆರಿಸಿದ್ದಕ್ಕೆ ಕಾರಣ, ಆಗ ವೈರಿನಲ್ಲಿ ಗದ್ದಲ ಕಡಿಮೆ. ಬಲ್ಬು, ಫ್ಯಾನು, ದೊಡ್ಡ ಟ್ರಾನ್ಸ್‌ಫಾರ್ಮರಿನ ಸಾಮಾನು ಇದ್ದ ಕಾಲದ ಮನೆಗೆ ಅದು ಸಾಕಾಗಿತ್ತು. ಇವತ್ತು ಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿದ ಹೆಚ್ಚಿನ ಸಾಮಾನಿನೊಳಗೆ ಸ್ವಿಚಿಂಗ್ ಪವರ್ ಸಪ್ಲೈ ಇದೆ. ಫೋನ್ ಚಾರ್ಜರ್, ಲ್ಯಾಪ್‌ಟಾಪ್ ಚಾರ್ಜರ್, ಟಿವಿ, ಎಲ್‌ಇಡಿ ಬಲ್ಬು ಎಲ್ಲದರಲ್ಲೂ. ಅವು ಒಳಗೇ ಹತ್ತಾರು ಸಾವಿರ ಹರ್ಟ್ಸಿನಲ್ಲಿ ಆನ್-ಆಫ್ ಆಗುತ್ತಿರುತ್ತವೆ. 65 ಕಿಲೋಹರ್ಟ್ಸ್ ತುಂಬ ಸಾಮಾನ್ಯ. ಅದರ ಎರಡು ಪಟ್ಟು 130, ನಮ್ಮ 120ರ ಪಕ್ಕದಲ್ಲೇ.

ಇನ್ನೊಂದು ಸ್ವಾರಸ್ಯ ಇದೆ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮ ಇಂಥ ಸಾಮಾನುಗಳು ವೈರಿಗೆ ಬಿಡುವ ಗದ್ದಲಕ್ಕೆ ಮಿತಿ ಹಾಕುವುದು 150 ಕಿಲೋಹರ್ಟ್ಸಿನಿಂದ ಮೇಲಕ್ಕೆ. ಹಾಗಾಗಿ ಚಾರ್ಜರ್ ಮಾಡುವವರು ಮುಖ್ಯ ಗದ್ದಲ 150ರ ಕೆಳಗೇ ಇರುವಂತೆ ನೋಡಿಕೊಳ್ಳುತ್ತಾರೆ. ಕಾನೂನಿನ ಕಣ್ಣಿಗೆ ಬೀಳದ ಆ ಜಾಗದಲ್ಲೇ ಎಕ್ಸ್-10 ಕೂತಿದೆ!

ಮೂರು ತೊಂದರೆ, ಮೂರು ಗುರುತು

ಒಂದನೆಯದು ನಿಜವಾದ ಗದ್ದಲ. ಯಾವುದೋ ಸಾಮಾನು 120 ಕಿಲೋಹರ್ಟ್ಸಿನ ಅಕ್ಕಪಕ್ಕ ಕಿರುಚುತ್ತಿರುತ್ತದೆ. ಸಿಗ್ನಲ್ ಬಂದರೂ ಮಾಡ್ಯೂಲಿಗೆ ಕೇಳಿಸುವುದಿಲ್ಲ. ಇದರ ಗುರುತು, ತೊಂದರೆಗೆ ಹೊತ್ತು-ಗೊತ್ತು ಇರುತ್ತದೆ. ಅಡುಗೆಮನೆ ದೀಪ ಹಾಕಿದಾಗ ಶುರು, ಆರಿಸಿದಾಗ ಮಾಯ.

ಎರಡನೆಯದು ಸಿಗ್ನಲ್ ನುಂಗುವುದು. ಇದರಲ್ಲಿ ಗದ್ದಲವೇ ಇಲ್ಲ. ಕಂಪ್ಯೂಟರ್, ಟಿವಿ, ಯುಪಿಎಸ್, ಸರ್ಜ್ ಪ್ರೊಟೆಕ್ಟರ್ ಇರುವ ಪವರ್ ಸ್ಟ್ರಿಪ್ ಇವುಗಳ ಬಾಗಿಲಲ್ಲೇ ಒಂದು ಕೆಪಾಸಿಟರ್ ಕೂತಿರುತ್ತದೆ. ಹೊರಗಿನ ಗದ್ದಲ ಒಳಗೆ, ಒಳಗಿನದು ಹೊರಗೆ ಹೋಗದಿರಲಿ ಅಂತ ಹಾಕಿದ್ದು. 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೇ ತೆಗೆದುಕೊಳ್ಳಿ. 60 ಹರ್ಟ್ಸಿಗೆ ಅದು ಸುಮಾರು 26,500 ಓಮ್, ಅಂದರೆ ಇಲ್ಲದಂತೆಯೇ. 120 ಕಿಲೋಹರ್ಟ್ಸಿಗೆ ಅದೇ ಬರೀ 13 ಓಮ್! ನಿಮ್ಮ ಸಿಗ್ನಲ್ ಅಲ್ಲೇ ಇಳಿದು ಹೋಗುತ್ತದೆ. ಕಾಲುವೆಯ ತುದಿ ಹೊಲದವರ ಪಾಡು ಗೊತ್ತಲ್ಲ, ಮೇಲಿನವರೆಲ್ಲ ತೂಬು ತೆಗೆದುಕೊಂಡರೆ ಕೊನೆಯವರಿಗೆ ಹನಿ ನೀರಿಲ್ಲ. ಕೊನೇ ಕೋಣೆಯ ಮಾಡ್ಯೂಲಿನ ಗತಿಯೂ ಅದೇ. ಮುಖ್ಯವಾದ ಮಾತು ಏನೆಂದರೆ, ಇಂಥ ಸಾಮಾನು ಆಫ್ ಆಗಿದ್ದರೂ ನುಂಗಬಹುದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತು ನೋಡಬೇಕು.

ಮೂರನೆಯದು ದಾಟಲಾಗದ್ದು. ಅಮೆರಿಕದ ಮನೆಗೆ ಕಂಬದ ಟ್ರಾನ್ಸ್‌ಫಾರ್ಮರಿನಿಂದ ಎರಡು ಲೈನ್ ಬರುತ್ತವೆ, ಒಂದೊಂದೂ 120 ವೋಲ್ಟ್, ಎರಡರ ನಡುವೆ 240. ದೀಪ, ಪ್ಲಗ್ಗುಗಳಲ್ಲಿ ಅರ್ಧ ಒಂದು ಲೈನಿನಲ್ಲಿ, ಅರ್ಧ ಇನ್ನೊಂದರಲ್ಲಿ. ಒಂದರ ಸಿಗ್ನಲ್ ಇನ್ನೊಂದಕ್ಕೆ ಹೋಗಬೇಕಾದರೆ ಬೀದಿಯ ಟ್ರಾನ್ಸ್‌ಫಾರ್ಮರಿನ ತನಕ ಹೋಗಿ ಬರಬೇಕು. ಅಷ್ಟು ಹೊತ್ತಿಗೆ ಉಸಿರೇ ಉಳಿದಿರುವುದಿಲ್ಲ. ಇದರ ಗುರುತು ಬಹಳ ಚೆನ್ನಾಗಿದೆ. ಎಲೆಕ್ಟ್ರಿಕ್ ಅವನ್ ಅಥವಾ ಬಟ್ಟೆ ಒಣಗಿಸುವ ಡ್ರೈಯರ್ ಹಾಕಿ, ಕಾಯಿಸುವುದು ಶುರುವಾಗಲಿ. ಅವು 240 ವೋಲ್ಟಿನವು, ಎರಡೂ ಲೈನಿಗೆ ಕೂತಿರುತ್ತವೆ. ಅವನ್ ಕಾಯುತ್ತಿರುವಾಗ ಮಾತ್ರ ಮಲಗುವ ಕೋಣೆಯ ದೀಪ ಮಾತು ಕೇಳಿದರೆ, ನಿಮಗೆ ಬೇಕಾದ್ದು ಕಪ್ಲರ್. ಬೇರೆ ಏನೂ ನೋಡಬೇಡಿ.

ದೀಪ ತಾನಾಗೇ ಹತ್ತುತ್ತದೆ ಅನ್ನುವವರಿಗೆ ಮೊದಲು ಒಂದು ಪುಕ್ಕಟೆ ಉಪಾಯ. ಅಕ್ಷರದ ತಿರುಗಣೆ ಇನ್ನೂ ಎ ಮೇಲೇ ಇದೆಯಾ ನೋಡಿ. ಪೆಟ್ಟಿಗೆಯಿಂದ ಬರುವಾಗ ಎಲ್ಲರದ್ದೂ ಎ. ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಮೂರು ಮನೆ ಇದ್ದರೆ ಪಕ್ಕದವರ ಬಟನ್ನಿಗೆ ನಿಮ್ಮ ದೀಪ ಹತ್ತಬಹುದು. ಬೇರೆ ಅಕ್ಷರಕ್ಕೆ ತಿರುಗಿಸಿ.

ಕಳ್ಳನನ್ನು ಹುಡುಕುವುದು

ಇದಕ್ಕೆ ಒಂದು ಶನಿವಾರದ ಬೆಳಗ್ಗೆ ಎತ್ತಿಡಿ. ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮೈಕ್ರೋವೇವಿನಿಂದ ಹಿಡಿದು ಎಲ್ಲ ಗಡಿಯಾರವೂ ಮಿನುಗತೊಡಗಿದಾಗ ಗದ್ದಲ ವೈರಿನಲ್ಲಿ ಮಾತ್ರ ಇರುವುದಿಲ್ಲ.

ಬ್ರೇಕರ್ ಪ್ಯಾನೆಲ್ಲಿಗೆ ಹತ್ತಿರದ ಪ್ಲಗ್ಗಿನಲ್ಲಿ ಕಂಟ್ರೋಲರ್ ಇಡಿ. ತೊಂದರೆ ಕೊಡುವ ಮಾಡ್ಯೂಲಿಗೆ ಒಂದು ಹಳೇ ಫಿಲಮೆಂಟ್ ಬಲ್ಬಿನ ಟೇಬಲ್ ಲ್ಯಾಂಪ್ ಹಾಕಿ. ಎಲ್‌ಇಡಿ ಬೇಡ, ಅದೇ ಕಳ್ಳ ಆಗಿರಬಹುದು. ಈ ಎರಡರ ಬ್ರೇಕರ್ ಬಿಟ್ಟು ಮಿಕ್ಕಿದ್ದೆಲ್ಲ ಆಫ್ ಮಾಡಿ. ಈಗಲೂ ದೀಪ ಹತ್ತದಿದ್ದರೆ ಎರಡೂ ಬೇರೆ ಬೇರೆ ಲೈನಿನಲ್ಲಿವೆ, ಇಲ್ಲ ಕಳ್ಳ ಈ ಎರಡು ಬ್ರೇಕರಿನ ಒಳಗೇ ಇದ್ದಾನೆ, ಅದೂ ಅಲ್ಲದಿದ್ದರೆ ಮಾಡ್ಯೂಲೇ ಕೆಟ್ಟಿದೆ. ಹತ್ತಿದರೆ ಒಂದೊಂದೇ ಬ್ರೇಕರ್ ಮೇಲೆತ್ತುತ್ತಾ ಹೋಗಿ. ಪ್ರತಿ ಸಲವೂ ನಾಲ್ಕೈದು ಬಾರಿ ಆನ್-ಆಫ್ ಒತ್ತಿ ನೋಡಿ. ಒಂದೇ ಸಲ ಒತ್ತಿ ತೀರ್ಮಾನಕ್ಕೆ ಬರಬೇಡಿ, ಗದ್ದಲ ಒಂದೇ ಸಮ ಇರುವುದಿಲ್ಲ. ಯಾವ ಬ್ರೇಕರ್ ಹಾಕಿದಾಗ ಕೆಟ್ಟಿತೋ ಆ ಕೋಣೆಗೆ ಹೋಗಿ ಪ್ಲಗ್ಗುಗಳನ್ನು ಒಂದೊಂದಾಗಿ ಕೀಳಿ.

ನಾನು ನೋಡಿದ ಮನೆಗಳಲ್ಲಿ ಹೆಚ್ಚಿನ ಸಲ ಕಳ್ಳ ಸಿಕ್ಕಿದ್ದು ಕಂಪ್ಯೂಟರ್ ಮೇಜಿನ ಕೆಳಗೆ. ಅಲ್ಲಿ ಧೂಳು ಹಿಡಿದ ಯುಪಿಎಸ್, ಅದರ ಪಕ್ಕ ಸರ್ಜ್ ಸ್ಟ್ರಿಪ್, ಆ ಸ್ಟ್ರಿಪ್ಪಿಗೆ ಮಾನಿಟರ್, ಪ್ರಿಂಟರ್, ರೂಟರ್, ಯಾವುದಕ್ಕೂ ಸೇರದ ಒಂದೆರಡು ಅಡಾಪ್ಟರ್. ಯುಪಿಎಸ್ ಕಿತ್ತರೆ ಅರ್ಧ ತೊಂದರೆ ಹೋಗುತ್ತದೆ. ಎರಡನೇ ಜಾಗ ಟಿವಿ ಕಪಾಟು. ಮೂರನೆಯದು ಗರಾಜಿನ ಬಾಗಿಲು ತೆಗೆಯುವ ಯಂತ್ರ, ಅದರ ಪಕ್ಕದ ಟ್ಯೂಬ್‌ಲೈಟು.

ಇದಕ್ಕೆಂದೇ ಸಿಗ್ನಲ್ ಮೀಟರ್ ಸಿಗುತ್ತದೆ. ಪ್ಲಗ್ಗಿಗೆ ಹಾಕಿದರೆ ಸಿಗ್ನಲ್ ಎಷ್ಟು, ಗದ್ದಲ ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ. ಮನೆ ತುಂಬ ಮಾಡ್ಯೂಲ್ ಇರುವವರಿಗೆ ಅದು ಬೆಲೆಗೆ ತಕ್ಕ ಸಾಮಾನು. ಆರೇಳು ಮಾಡ್ಯೂಲಿನವರಿಗೆ ಬ್ರೇಕರ್ ವಿಧಾನವೇ ಸಾಕು. ಕರೆಂಟಿನ ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್ ಇದೆ ಅಂತ ಅದರ ಕಡ್ಡಿಯನ್ನು ನೇರ ಪ್ಲಗ್ಗಿಗೆ ಚುಚ್ಚಲು ಹೋಗಬೇಡಿ. ಸ್ಕೋಪಿನ ಜೊತೆ ನೀವೂ ಹೋಗಬಹುದು.

ಫಿಲ್ಟರ್: ಮೊದಲ ಖರ್ಚು ಇದಕ್ಕೇ

ಕಳ್ಳ ಸಿಕ್ಕಿದ ಮೇಲೆ ಅದಕ್ಕೂ ಗೋಡೆಗೂ ನಡುವೆ ಒಂದು ಫಿಲ್ಟರ್. ಇದರ ದೊಡ್ಡ ಗುಣ ಅಂದರೆ ಎರಡು ಕೆಲಸ ಒಟ್ಟಿಗೇ ಆಗುತ್ತದೆ. ಸಾಮಾನಿನ ಗದ್ದಲ ಹೊರಗೆ ಬರುವುದಿಲ್ಲ, ಹೊರಗಿನ ಸಿಗ್ನಲನ್ನು ಅದು ನುಂಗುವುದೂ ಇಲ್ಲ. ಕೊಳ್ಳುವಾಗ ಆಂಪಿಯರ್ ನೋಡಿ. 5 ಆಂಪಿಯರಿನದು ಟಿವಿಗೆ, ಒಂದು ಕಂಪ್ಯೂಟರಿಗೆ ಧಾರಾಳ. ಇಡೀ ಮೇಜಿನ ಸ್ಟ್ರಿಪ್ಪಿಗೆ ಹಾಕುವುದಾದರೆ 10. ಮನೆ ಬೆಚ್ಚಗಿಡುವ ಫರ್ನೇಸಿನ ಮೋಟರ್, ಟ್ಯೂಬ್‌ಲೈಟಿನ ಬ್ಯಾಲಸ್ಟ್ ಥರದ ಗೋಡೆಗೇ ಜೋಡಿಸಿದ ಸಾಮಾನಿಗೆ 20 ಆಂಪಿಯರಿನ ವೈರಿಂಗ್ ಫಿಲ್ಟರ್ ಇದೆ, ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು.

ಫಿಲ್ಟರಿನ ಹಿಂದೆ ಎಕ್ಸ್-10 ಮಾಡ್ಯೂಲ್ ಮಾತ್ರ ಇಡಬೇಡಿ. ಅಲ್ಲಿಗೆ ಸಿಗ್ನಲ್ಲೂ ಹೋಗುವುದಿಲ್ಲ.

ಚಾರ್ಜರ್ ವೈರಿಗೆ ಕ್ಲಿಪ್ ಮಾಡುವ ಕರೀ ಫೆರೈಟ್ ಉಂಗುರ ಹಾಕಿ ಅಂತ ಹೇಳುವವರು ಬೇಕಾದಷ್ಟು ಜನ. ಅದು ಮೆಗಾಹರ್ಟ್ಸಿನ ಗದ್ದಲಕ್ಕೆ ಮಾಡಿದ್ದು. 120 ಕಿಲೋಹರ್ಟ್ಸಿಗೆ ಏನೂ ಮಾಡುವುದಿಲ್ಲ, ಸುಮ್ನೆ ತೂಕ.

ಫಿಲ್ಟರ್ ಸೋಲುವುದು ಎಲ್ಲಿ ಅಂದರೆ ಬಲ್ಬುಗಳಲ್ಲಿ. ಚಾವಣಿಯಲ್ಲಿ ಹನ್ನೆರಡು ಎಲ್‌ಇಡಿ ಇದ್ದರೆ ಹನ್ನೆರಡು ಫಿಲ್ಟರ್ ಹಾಕುವುದು ಆಗದ ಮಾತು. ಬೇರೆ ಕಂಪನಿಯ ಬಲ್ಬು ಹಾಕಿ ನೋಡುವುದೊಂದೇ ದಾರಿ. ಒಂದೇ ವಾಟಿನ, ಒಂದೇ ಬೆಲೆಯ ಎರಡು ಬಲ್ಬಿನಲ್ಲಿ ಒಂದು ಮೌನಿ, ಇನ್ನೊಂದು ವಾಚಾಳಿ ಆಗಿರುತ್ತದೆ. ಪೆಟ್ಟಿಗೆ ನೋಡಿ ಗೊತ್ತಾಗುವುದಿಲ್ಲ.

ಕಪ್ಲರ್, ರಿಪೀಟರ್: ಎರಡು ಲೈನಿನ ನಡುವಿನ ಸೇತುವೆ

ಕಪ್ಲರ್ ಅಂದರೆ 120 ಕಿಲೋಹರ್ಟ್ಸನ್ನು ಮಾತ್ರ ಒಂದು ಲೈನಿನಿಂದ ಇನ್ನೊಂದಕ್ಕೆ ದಾಟಿಸುವ ಸಾಧನ. ಸಾದಾ ಕಪ್ಲರಿಗೆ ಬುದ್ಧಿ ಇಲ್ಲ, ಇರುವ ಸಿಗ್ನಲನ್ನೇ ಎರಡು ಕಡೆ ಹಂಚುತ್ತದೆ. ರಿಪೀಟರ್ ಹಾಗಲ್ಲ. ಸಂದೇಶ ಎರಡು ಸಲ ಬರುತ್ತದೆ ಅಂದೆನಲ್ಲ, ಮೊದಲ ಸಲ ಕೇಳಿಸಿಕೊಂಡು ಎರಡನೇ ಸಲಕ್ಕೆ ಸರಿಯಾಗಿ ತಾನೂ ಜೋರಾಗಿ ಹೇಳುತ್ತದೆ, ಎರಡೂ ಲೈನಿಗೆ. ಸಣ್ಣ ಮನೆಗೆ ಸಾದಾ ಸಾಕು. ದೊಡ್ಡ ಮನೆ, ಬೇಸ್‌ಮೆಂಟು, ಉದ್ದ ವೈರು ಇದ್ದರೆ ರಿಪೀಟರ್.

ರಿಪೀಟರನ್ನು ನೆಚ್ಚಿಕೊಳ್ಳುವ ಮೊದಲು ಒಂದು ಮಾತು. ಅದಕ್ಕೂ ಮೊದಲ ಸಲದ್ದು ಕೇಳಿಸಬೇಕು. ಗದ್ದಲ ಇರುವ ಮನೆಯಲ್ಲಿ ಅದಕ್ಕೂ ಕೇಳಿಸುವುದಿಲ್ಲ. ಹಾಗಾಗಿ ಫಿಲ್ಟರ್ ಕೆಲಸ ಮುಗಿಸದೆ ರಿಪೀಟರ್ ಕೊಂಡರೆ ದುಡ್ಡು ದಂಡ. ಒಂದೇ ಮನೆಯಲ್ಲಿ ಎರಡು ರಿಪೀಟರ್ ಹಾಕಿದರೆ ಒಂದರ ಮಾತನ್ನು ಇನ್ನೊಂದು ಎತ್ತಿಕೊಂಡು ಹೊಸ ರಾಮಾಯಣ ಶುರುವಾಗುತ್ತದೆ.

ಹಾಕುವ ರೀತಿ ಎರಡು. ಪ್ಯಾನೆಲ್ಲಿನಲ್ಲಿ ಎರಡು ಪೋಲಿನ ಬ್ರೇಕರಿಗೆ ಜೋಡಿಸುವುದು ಒಂದು, ಡ್ರೈಯರಿನ ಪ್ಲಗ್ಗಿಗೆ ಸಿಕ್ಕಿಸುವುದು ಇನ್ನೊಂದು. ಎರಡನೆಯದು ಯಾರು ಬೇಕಾದರೂ ಮಾಡಬಹುದು. ಆದರೆ ನಿಮ್ಮ ಡ್ರೈಯರ್ ಸಾಕೆಟ್ಟಿಗೆ ಮೂರು ತೂತೋ ನಾಲ್ಕು ತೂತೋ ನೋಡಿ ಕೊಳ್ಳಿ. 1996ರ ಎಲೆಕ್ಟ್ರಿಕ್ ಕೋಡ್ ಬಂದ ಮೇಲೆ ಹೊಸ ವೈರಿಂಗಿಗೆ ನಾಲ್ಕರದ್ದೇ, ಹಳೇ ಮನೆಗಳಲ್ಲಿ ಮೂರು. ಪ್ಯಾನೆಲ್ಲಿನದಾದರೆ ಲೈಸೆನ್ಸ್ ಇರುವವರಿಗೇ ಬಿಡಿ. ಮೇನ್ ಬ್ರೇಕರ್ ಆಫ್ ಮಾಡಿದರೂ ಬೀದಿಯಿಂದ ಬರುವ ದಪ್ಪ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಒಂದು ಕೆಪಾಸಿಟರ್ ಬೆಸೆದು ಎರಡು ಲೈನಿಗೆ ಕಟ್ಟಿದರೆ ಮುಗಿಯಿತು ಅನ್ನುವ ಸಲಹೆ ಹಳೇ ಹವ್ಯಾಸಿಗಳಿಂದ ಬರುತ್ತದೆ. ತತ್ವ ಸರಿ. ಆದರೆ ತಪ್ಪು ದರ್ಜೆಯ ಕೆಪಾಸಿಟರ್ ಪ್ಯಾನೆಲ್ಲಿನೊಳಗೆ ಸುಟ್ಟರೆ ಇನ್ಶೂರೆನ್ಸ್‌ನವರಿಗೆ ಏನು ಹೇಳುತ್ತೀರಿ?

ಬೂಸ್ಟರ್: ಜೋರಾಗಿ ಕೂಗುವುದು

ಎಕ್ಸ್‌ಟಿಬಿ ಅಂತ ಒಂದು ಸಾಧನ ಇದೆ. ಅಮೆರಿಕದ ಒಬ್ಬ ಇಂಜಿನಿಯರ್ ಹವ್ಯಾಸಕ್ಕೆ ಮಾಡಿ, ಕಿಟ್ ಆಗಿ ಮಾರಿ ಹೆಸರಾದದ್ದು. ಕಂಟ್ರೋಲರನ್ನು ಅದರೊಳಗೆ ಸಿಕ್ಕಿಸಿ, ಅದನ್ನು ಗೋಡೆಗೆ ಸಿಕ್ಕಿಸುವುದು. ಮಾಮೂಲು ಕಂಟ್ರೋಲರ್ ಬಿಡುವ ಸಿಗ್ನಲ್ ಕೆಲವೇ ವೋಲ್ಟ್. ಇದು ಅದನ್ನು ಹಲವು ಪಟ್ಟು ಮಾಡಿ ಕಳಿಸುತ್ತದೆ. ನುಂಗುವ ಸಾಮಾನು ತುಂಬಿದ ಮನೆಯಲ್ಲಿ ಇದರ ಫಲ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ಆದರೂ ಇದನ್ನು ನಾನು ಮೂರನೇ ಸ್ಥಾನದಲ್ಲೇ ಇಡುತ್ತೇನೆ. ಇದಕ್ಕೆ ಸಿಕ್ಕಿಸಿದ ಕಂಟ್ರೋಲರಿನ ಮಾತು ಮಾತ್ರ ಜೋರಾಗುತ್ತದೆ. ಮಲಗುವ ಕೋಣೆಯ ಸಣ್ಣ ಕಂಟ್ರೋಲರ್ ಹಳೇ ದನಿಯಲ್ಲೇ ಇರುತ್ತದೆ. ಗದ್ದಲ ಮಾಡುವ ಸಾಮಾನು ಮಾಡ್ಯೂಲಿನ ಪಕ್ಕದಲ್ಲೇ ಇದ್ದರೆ ಎಷ್ಟು ಕೂಗಿದರೂ ಕಷ್ಟವೇ. ಜೋರು ಸಿಗ್ನಲ್ ಪಕ್ಕದ ಮನೆಗೂ ಹರಿಯುತ್ತದೆ. ವೈರಿನಲ್ಲಿ ಕಿಡಿ ಹಾರಿದರೆ ಕರೆಂಟು ಕಡಿಯುವ ಕೆಲವು ಆರ್ಕ್-ಫಾಲ್ಟ್ ಬ್ರೇಕರುಗಳು ಇದನ್ನೇ ಕಿಡಿ ಅಂತ ತಿಳಿದು ಟ್ರಿಪ್ ಆಗುತ್ತವೆ. ಹೊಸ ಮನೆಗಳ ಮಲಗುವ ಕೋಣೆಗಳಲ್ಲಿ ಅಂಥ ಬ್ರೇಕರ್ ಸಾಮಾನ್ಯ.

ಮೂವತ್ತು ನಲವತ್ತು ಮಾಡ್ಯೂಲ್, ಒಂದೇ ಮುಖ್ಯ ಕಂಟ್ರೋಲರ್, ಅದರಿಂದಲೇ ಎಲ್ಲ ವೇಳಾಪಟ್ಟಿ ನಡೆಯುತ್ತದೆ ಅನ್ನುವವರಿಗೆ ಬೂಸ್ಟರ್ ಹೇಳಿ ಮಾಡಿಸಿದ್ದು. ನಾಲ್ಕು ಮಾಡ್ಯೂಲಿನವರಿಗೆ ಮೂಗಿಗಿಂತ ಮೂಗುತಿ ಭಾರ.

ಯುಪಿಬಿ: ವೈರಿನಲ್ಲೇ ಇದ್ದು ಭಾಷೆ ಬದಲಿಸುವುದು

ಯುಪಿಬಿಯನ್ನು (ಯೂನಿವರ್ಸಲ್ ಪವರ್‌ಲೈನ್ ಬಸ್) 1999ರಲ್ಲಿ ಹೊರತಂದದ್ದು ಕ್ಯಾಲಿಫೋರ್ನಿಯಾದ ಪವರ್‌ಲೈನ್ ಕಂಟ್ರೋಲ್ ಸಿಸ್ಟಮ್ಸ್. ಇದೂ ಕರೆಂಟಿನ ವೈರಿನಲ್ಲೇ ಓಡುತ್ತದೆ, ಆದರೆ ಬಗೆ ಬೇರೆ. ಕೆಪಾಸಿಟರಿನಲ್ಲಿ ಕೂಡಿಟ್ಟ ಚಾರ್ಜನ್ನು ಒಮ್ಮೆಲೇ ವೈರಿಗೆ ಬಿಟ್ಟು ಸುಮಾರು 40 ವೋಲ್ಟಿನ ಮಿಡಿತ ಹುಟ್ಟಿಸುತ್ತದೆ. ಅದರ ಶಕ್ತಿ ಇರುವುದು 4ರಿಂದ 40 ಕಿಲೋಹರ್ಟ್ಸಿನೊಳಗೆ. ಮೇಲಿನ ಕೆಪಾಸಿಟರ್ ಲೆಕ್ಕವನ್ನೇ ಮತ್ತೆ ಹಾಕಿ. 120 ಕಿಲೋಹರ್ಟ್ಸಿಗೆ 13 ಓಮ್ ಇದ್ದದ್ದು 20 ಕಿಲೋಹರ್ಟ್ಸಿಗೆ ಸುಮಾರು 80 ಓಮ್. ನುಂಗುವುದು ಅಷ್ಟು ಕಡಿಮೆ. ಜೊತೆಗೆ ಪ್ರತಿ ಮನೆಗೂ ಒಂದು ನೆಟ್‌ವರ್ಕ್ ಸಂಖ್ಯೆ ಇರುವುದರಿಂದ ಪಕ್ಕದವರ ಕಾಟ ಇಲ್ಲ. ಮಾಡ್ಯೂಲ್ ತನಗೆ ಸಂದೇಶ ತಲುಪಿತು ಅಂತ ವಾಪಸ್ ಹೇಳಬಲ್ಲದು. ಎಕ್ಸ್-10ರ ಸಾದಾ ಮಾಡ್ಯೂಲುಗಳಿಗೆ ಆ ಅಭ್ಯಾಸವೇ ಇಲ್ಲ. ದೀಪ ಹತ್ತಿತೋ ಇಲ್ಲವೋ ಕಂಟ್ರೋಲರಿಗೆ ಗೊತ್ತೇ ಆಗುವುದಿಲ್ಲ.

ಮನೆಯಿಂದ ದೂರದ ಗರಾಜು, ಹಿತ್ತಲ ಶೆಡ್ಡು, ಲೋಹದ ಗೋಡೆಯ ಕಟ್ಟಡ ಇವಕ್ಕೆಲ್ಲ ಒಂದೇ ಪ್ಯಾನೆಲ್ಲಿನಿಂದ ವೈರು ಹೋಗಿದ್ದರೆ, ಅಲ್ಲಿಗೆ ರೇಡಿಯೋ ಮುಟ್ಟದಿದ್ದರೆ, ಯುಪಿಬಿ ನಿಜಕ್ಕೂ ಒಳ್ಳೆಯದು. ಬೆಲೆ ಜಾಸ್ತಿ, ಹೊಂದಿಸಲು ಕಂಪ್ಯೂಟರ್ ಬೇಕು, ಮತ್ತೆ ಸ್ವಿಚ್ಚಿನ ಡಬ್ಬಿಯಲ್ಲಿ ನ್ಯೂಟ್ರಲ್ ವೈರ್ ಬೇಕು. ಈ ಕೊನೆಯದು ಸಣ್ಣ ಮಾತಲ್ಲ. ಅಮೆರಿಕದ ಕೋಡ್ ಸ್ವಿಚ್ ಡಬ್ಬಿಯಲ್ಲಿ ನ್ಯೂಟ್ರಲ್ ಇರಲಿ ಅಂತ ಹೇಳಿದ್ದು 2011ರಲ್ಲಿ. ಅದಕ್ಕೆ ಮುಂಚಿನ ಮನೆಗಳಲ್ಲಿ ಇದ್ದರೆ ಅದೃಷ್ಟ. ಎಕ್ಸ್-10ರ ಹಳೇ ಡಿಮ್ಮರ್ ಸ್ವಿಚ್ಚಿಗೆ ನ್ಯೂಟ್ರಲ್ ಬೇಕಿರಲಿಲ್ಲ. ಆದ್ದರಿಂದಲೇ ಅದು ಆ ಮನೆಗಳಲ್ಲಿ ಅಷ್ಟು ಸಲೀಸಾಗಿ ಕೂತಿತು. ಯಾವುದಕ್ಕೂ ಆರ್ಡರ್ ಮಾಡುವ ಮೊದಲು ಬ್ರೇಕರ್ ಆಫ್ ಮಾಡಿ ಒಂದು ಸ್ವಿಚ್ಚು ಬಿಚ್ಚಿ ನೋಡಿ. ಡಬ್ಬಿಯ ಹಿಂದೆ ಬಿಳೀ ವೈರುಗಳ ಒಂದು ಗಂಟು ಇದ್ದರೆ ಅದು ನ್ಯೂಟ್ರಲ್ ಇರಬಹುದು. ಒಂದೇ ಬಿಳೀ ವೈರು ಬಂದು ಸ್ವಿಚ್ಚಿಗೇ ಸೇರಿದ್ದರೆ ಅದು ನ್ಯೂಟ್ರಲ್ ಅಲ್ಲ, ಮೋಸ ಹೋಗಬೇಡಿ.

ಇನ್‌ಸ್ಟಿಯಾನ್: ಎರಡು ದೋಣಿ

2005ರಲ್ಲಿ ಬಂದ ಇನ್‌ಸ್ಟಿಯಾನ್ ವೈರು ಮತ್ತು ರೇಡಿಯೋ ಎರಡನ್ನೂ ಬಳಸುತ್ತದೆ. ವೈರಿನಲ್ಲಿ 131.65 ಕಿಲೋಹರ್ಟ್ಸ್, ಗಾಳಿಯಲ್ಲಿ ಅಮೆರಿಕಕ್ಕೆ 915 ಮೆಗಾಹರ್ಟ್ಸ್. ಒಂದು ಕೆಟ್ಟರೆ ಇನ್ನೊಂದು. ರೇಡಿಯೋ ಇರುವುದರಿಂದ ಎರಡು ಲೈನಿನ ನಡುವಿನ ತೊಂದರೆಯೂ ತಾನಾಗೇ ಬಗೆಹರಿಯುತ್ತದೆ. ತಂತ್ರದ ಮಟ್ಟಿಗೆ ಚೊಕ್ಕ.

ಅನುಮಾನ ಇರುವುದು ಬೇರೆ ಕಡೆ. 2022ರ ಏಪ್ರಿಲ್‌ನಲ್ಲಿ ಕಂಪನಿಯ ಸರ್ವರುಗಳು ಮುನ್ಸೂಚನೆ ಇಲ್ಲದೆ ನಿಂತುಹೋದವು. ಫೋನಿನಿಂದ ಮನೆ ನಡೆಸುತ್ತಿದ್ದವರು ಬೆಪ್ಪಾದರು. ಜೂನ್ ಹೊತ್ತಿಗೆ ಬಳಕೆದಾರರದ್ದೇ ಒಂದು ಗುಂಪು ಅದನ್ನು ಕೊಂಡು ಮತ್ತೆ ಶುರುಮಾಡಿತು. ಈಗಾಗಲೇ ಮನೆಯಲ್ಲಿ ಇದ್ದರೆ ಇಟ್ಟುಕೊಳ್ಳಿ, ಸರ್ವರಿಲ್ಲದೆಯೂ ಮನೆಯೊಳಗೇ ನಡೆಯುವ ಕಂಟ್ರೋಲರಿಗೆ ಜೋಡಿಸಿ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದಿಲ್ಲ.

ವೈರು ಬಿಟ್ಟು ರೇಡಿಯೋ

ನಿಜ ಹೇಳಬೇಕೆಂದರೆ ಹೆಚ್ಚಿನ ಮನೆಗಳಿಗೆ ಈಗ ಇದೇ ಸರಿ. ಕಾರಣ ಗದ್ದಲ ಒಂದೇ ಅಲ್ಲ, ಬಲ್ಬು. ಎಕ್ಸ್-10ರ ಲ್ಯಾಂಪ್ ಮಾಡ್ಯೂಲ್ ಬೆಳಕು ಹೆಚ್ಚುಕಮ್ಮಿ ಮಾಡುವ ಡಿಮ್ಮರ್, ಅದನ್ನು ಮಾಡಿದ್ದೇ ಫಿಲಮೆಂಟ್ ಬಲ್ಬಿಗಾಗಿ. ಆಫ್ ಆಗಿರುವಾಗಲೂ ಅದು ಬಲ್ಬಿನ ಮೂಲಕ ಕೊಂಚ ಕರೆಂಟು ಬಿಡುತ್ತದೆ, ದೀಪದ ಸ್ವಿಚ್ಚನ್ನು ಯಾರಾದರೂ ಒತ್ತಿದರೇ ಅಂತ ತಿಳಿಯಲು. ಹಳೇ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಎಲ್‌ಇಡಿ ಅಷ್ಟಕ್ಕೇ ಮಿಣಮಿಣ ಅನ್ನುತ್ತದೆ. 2023ರ ಆಗಸ್ಟಿನಿಂದ ಅಮೆರಿಕದಲ್ಲಿ ವಾಟಿಗೆ 45 ಲ್ಯೂಮೆನ್ ಬೆಳಕು ಕೊಡದ ಮಾಮೂಲು ಬಲ್ಬುಗಳ ಮಾರಾಟವೇ ಇಲ್ಲ. ಅಂದರೆ ನೀವು ಗದ್ದಲ ಗೆದ್ದರೂ ಆ ಡಿಮ್ಮರಿಗೆ ಹಾಕಲು ಬಲ್ಬೇ ಸಿಗುವುದಿಲ್ಲ. ಬರೀ ಆನ್-ಆಫ್ ಮಾಡುವ ರಿಲೇ ಮಾಡ್ಯೂಲುಗಳಿಗೆ ಡಿಮ್ಮಿಂಗಿನ ತಕರಾರು ಇಲ್ಲ, ಅವು ಇನ್ನೂ ಸ್ವಲ್ಪ ಕಾಲ ನಡೆಯುತ್ತವೆ.

ನ್ಯೂಟ್ರಲ್ ಇಲ್ಲದ ಹಳೇ ಮನೆಗೆ ಲುಟ್ರಾನ್ ಕಂಪನಿಯ ಕ್ಯಾಸೆಟಾ ಡಿಮ್ಮರ್ ನನ್ನ ಮೊದಲ ಆಯ್ಕೆ. ನ್ಯೂಟ್ರಲ್ ಕೇಳುವುದಿಲ್ಲ, ಓಡುವುದು 434 ಮೆಗಾಹರ್ಟ್ಸಿನ ಆಸುಪಾಸು, ವೈಫೈ ಗಲಾಟೆಯಿಂದ ದೂರ. ನ್ಯೂಟ್ರಲ್ ಇದ್ದು, ಬೇರೆ ಬೇರೆ ಕಂಪನಿಯ ಸಾಮಾನು ಬೆರೆಸುವ ಆಸೆ ಇದ್ದರೆ ಝಡ್-ವೇವ್ ಅನ್ನುವ ರೇಡಿಯೋ ಪದ್ಧತಿ. ಅಂಥದ್ದೇ ಇನ್ನೊಂದು ಪದ್ಧತಿ ಝಿಗ್‌ಬೀ ಅಗ್ಗ, ಆದರೆ ವೈಫೈ ಇರುವ 2.4 ಗಿಗಾಹರ್ಟ್ಸಿನಲ್ಲೇ ಅದರ ಸಂಸಾರ. ರೇಡಿಯೋಗೂ ಶತ್ರುಗಳಿದ್ದಾರೆ. ಕ್ಯಾಲಿಫೋರ್ನಿಯಾದ ಸ್ಟಕ್ಕೋ (ಗಾರೆ ಮೆತ್ತಿದ) ಗೋಡೆಯೊಳಗೆ ತಂತಿ ಬಲೆ ಇರುತ್ತದೆ, ಹೊರಗಿನ ದೀಪಕ್ಕೆ ಸಿಗ್ನಲ್ ಸೊರಗುತ್ತದೆ.

ಒಂದೇ ದಿನ ಎಲ್ಲ ಬದಲಿಸುವುದೂ ಬೇಡ. ಎಕ್ಸ್-10 ಮತ್ತು ಹೊಸದು ಎರಡನ್ನೂ ಒಟ್ಟಿಗೆ ನಡೆಸುವ ಸಾಫ್ಟ್‌ವೇರ್ ಇದೆ. ಮೊದಲು ದಿನಾ ಬಳಸುವ ದೀಪಗಳನ್ನು ಬದಲಿಸಿ. ಹಬ್ಬದ ಸಾಲುದೀಪಕ್ಕೆ, ಅಂಗಳದ ಫೌಂಟನ್ನಿಗೆ ಹಳೇ ಡಬ್ಬಿಯೇ ಇರಲಿ. ತಪ್ಪಿದರೂ ಯಾರೂ ಕತ್ತಲಲ್ಲಿ ಮುಗ್ಗರಿಸುವುದಿಲ್ಲ.

ಊರಿಗೆ ಒಯ್ಯುವ ಯೋಚನೆ ಇದ್ದರೆ

ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೊರಟವರು ಇದನ್ನೂ ಗಂಟು ಕಟ್ಟಿಕೊಳ್ಳಬಹುದಾ ಅಂತ ಕೇಳುತ್ತಾರೆ. ಬೇಡ. ಇಲ್ಲಿನ ಮಾಡ್ಯೂಲ್ 120 ವೋಲ್ಟಿನದು, ಅಲ್ಲಿ 230. ಹಾಕಿದ ಕೂಡಲೇ ಹೊಗೆ.

230 ವೋಲ್ಟ್, 50 ಹರ್ಟ್ಸಿನ ಮಾಡ್ಯೂಲುಗಳನ್ನು ಯುರೋಪಿಗೆಂದು ಮಾಡಿದ್ದರು. ತ್ರೀ ಫೇಸ್ ಮನೆಯನ್ನೂ ಎಕ್ಸ್-10 ಮೊದಲಿನಿಂದಲೇ ಲೆಕ್ಕಕ್ಕೆ ಹಿಡಿದಿತ್ತು. ಮೂರು ಫೇಸುಗಳು ಒಂದೇ ಹೊತ್ತಿಗೆ ಸೊನ್ನೆ ದಾಟುವುದಿಲ್ಲ, ಅದಕ್ಕೇ ಒಂದರ ಬದಲು ಮೂರು ಮಿಡಿತ, 50 ಹರ್ಟ್ಸಿನಲ್ಲಿ 3.33 ಮಿಲಿಸೆಕೆಂಡಿಗೊಂದರಂತೆ. ಆದರೂ ನಮ್ಮ ಕಡೆ ಅದು ಹೊಂದುವುದು ಕಷ್ಟ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾದಾಗ ಅರ್ಧ ಮನೆ ಬೇರೆಯೇ ಒಂದು ಜಾಲ ಆಗುತ್ತದೆ. ಅದೂ ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಕರೆಂಟೇ ಗದ್ದಲ.

ಅಲ್ಲಿ ಒಂದು ಅನುಕೂಲ ಇದೆ, ಇಲ್ಲಿನವರಿಗೆ ಹೊಳೆಯುವುದಿಲ್ಲ. ನಮ್ಮ ಸ್ವಿಚ್‌ಬೋರ್ಡಿನಲ್ಲಿ ಸ್ವಿಚ್ಚುಗಳ ಪಕ್ಕದಲ್ಲೇ ಸಾಮಾನ್ಯವಾಗಿ ಒಂದು 5 ಆಂಪಿಯರ್ ಸಾಕೆಟ್ ಇರುತ್ತದೆ. ಅಂದರೆ ನ್ಯೂಟ್ರಲ್ ಬೋರ್ಡಿಗೇ ಬಂದಿದೆ. ಬೋರ್ಡಿನ ಹಿಂದೆ ಕೂರುವ ಸಣ್ಣ ವೈರ್‌ಲೆಸ್ ರಿಲೇಗೆ ಬೇಕಾದ್ದು ಅದೇ. ಝಡ್-ವೇವ್ ಕೊಳ್ಳುವುದಾದರೆ ಭಾರತದ 865 ಮೆಗಾಹರ್ಟ್ಸಿನದನ್ನೇ ಅಲ್ಲೇ ಕೊಳ್ಳಿ. ಅಮೆರಿಕದ್ದು 908ರಲ್ಲಿ ಮಾತಾಡುತ್ತದೆ, ಎರಡಕ್ಕೂ ಹೊಂದುವುದಿಲ್ಲ. ಕಂಟೇನರಿನ ಆ ಜಾಗಕ್ಕೆ ಬೇರೆ ಏನಾದರೂ ತುಂಬಿಸಿ.